ಯುಗಾದಿಗೆ ಬೆಂಡೆ ಬಿತ್ತಿ, ಕ್ಯಾರೆಟ್ ಬೇಡ

ಯುಗಾದಿ ಹತ್ತಿರ ಬಂತು ಅಂದರೆ ಎಲ್ಲರಿಗೂ ಕೈತೋಟದ ಹುಮ್ಮಸ್ಸು. ನರ್ಸರಿಗೆ ಹೋಗಿ, ಪೊಟ್ಟಣದ ಮೇಲಿನ ಚಿತ್ರ ನೋಡಿ, ಕ್ಯಾರೆಟ್, ಬಟಾಣಿ, ಹೂಕೋಸಿನ ಬೀಜ ತಂದುಬಿಡುತ್ತಾರೆ. ಪಂಚಾಂಗದಲ್ಲಿ ವಸಂತ ಇರಬಹುದು, ನಮ್ಮ ಬಯಲುಸೀಮೆಯಲ್ಲಿ ಮಾರ್ಚ್ ಅಂದರೆ ಬೇಸಿಗೆಯೇ ಅಲ್ವಾ? ಆ ತರಕಾರಿಗಳಿಗೆ ಚಳಿ ಬೇಕು. ದಸರಾ ಕಳೆಯಲಿ, ಆಮೇಲೆ ಹಾಕಿ. ಈಗ ಹಾಕಬೇಕಾದ್ದು ಬೆಂಡೆ, ಅಲಸಂದೆ, ಗೋರಿಕಾಯಿ, ಹೀರೆ, ಹಾಗಲ. ಜೊತೆಗೆ ದಂಟು, ಹರಿವೆ, ಬಸಳೆ. ಇವೆಲ್ಲ ಬಿಸಿಲಿಗೆ ಹೆದರುವುದಿಲ್ಲ. ಟೊಮೆಟೊ ಆಸೆ ಇದ್ದರೆ ಎರಡೇ ಗಿಡ ಇಡಿ. ಬಿಸಿಲು 35 ಡಿಗ್ರಿ ದಾಟಿದರೆ ಅದರ ಹೂ ಕಾಯಿ ಕಚ್ಚದೆ ಉದುರಿಹೋಗುತ್ತದೆ.

ಕುಂಡಕ್ಕೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಸಾಕು. ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ. ಸಗಣಿ ಗೊಬ್ಬರ ಪೂರ್ತಿ ಕಳಿತಿರಬೇಕು, ಮೂಸಿದರೆ ಮಣ್ಣಿನ ವಾಸನೆ ಬರಬೇಕು. ಸಗಣಿ ವಾಸನೆ ಇದ್ದರೆ ಅದರ ಜೊತೆ ಗೊಣ್ಣೆಹುಳುವೂ ಕುಂಡಕ್ಕೆ ಬರುತ್ತದೆ, ಬೇರು ತಿಂದು ಹಾಕುತ್ತದೆ. ಕಟ್ಟಡದ ಪಾಯ ತೆಗೆದ ಮಣ್ಣು ಸುಮ್ನೆ ಸಿಗುತ್ತೆ ಅಂತ ತರಬೇಡಿ. ಅದರಲ್ಲಿ ಸುಣ್ಣ, ಸಿಮೆಂಟು ಸೇರಿರುತ್ತದೆ.

ಬೆಂಡೆಬೀಜದ ಸಿಪ್ಪೆ ಗಟ್ಟಿ, ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಊರಿ. ಬೆರಳಿನ ಒಂದು ಗೆಣ್ಣಿನಷ್ಟು ಆಳ ಸಾಕು. ಒಂದಡಿ ಆಳದ ಕುಂಡಕ್ಕೆ ಒಂದೇ ಗಿಡ. ಎರಡು ಹುಟ್ಟಿದರೆ ಒಂದನ್ನು ಕತ್ತರಿಸಿ, ಕನಿಕರ ಬೇಡ. ಐವತ್ತು ದಿನದೊಳಗೆ ಕಾಯಿ ಶುರು. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು, ಒಂದು ಕಾಯಿ ಬಲಿತರೂ ಗಿಡ ಹೂ ಬಿಡುವುದನ್ನು ಕಮ್ಮಿ ಮಾಡುತ್ತದೆ. ಎಲೆಯ ನರ ಹಳದಿಯಾದರೆ ಅದು ನಂಜು ರೋಗ, ಬಿಳಿನೊಣ ಹರಡುತ್ತದೆ. ಅದಕ್ಕೆ ಔಷಧಿ ಇಲ್ಲ, ಗಿಡ ಕಿತ್ತು ದೂರ ಎಸೆಯಿರಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ಈ ರೋಗ ತಡೆಯಲೆಂದೇ ಬಂದ ತಳಿ. ಈಗ ಮೊದಲಿನಷ್ಟು ತಡೆಯುವುದಿಲ್ಲ, ಆದರೂ ಕಾಯಿ ಎಳೆಯದಾಗಿ ಚೆನ್ನಾಗಿರುತ್ತದೆ.

ದಂಟಿನ ಬೀಜ ಸಾಸಿವೆಗಿಂತ ಸಣ್ಣ. ಒಣಮರಳಿನ ಜೊತೆ ಕಲಸಿ ಉದುರಿಸಿ, ಆಗ ಒಂದೇ ಕಡೆ ಗುಂಪಾಗುವುದಿಲ್ಲ. ಬಿತ್ತಿದ ದಿನವೇ ಇರುವೆ ಸಾಲುಗಟ್ಟುತ್ತದೆ. ಅದಕ್ಕೆ ಪುಡಿ ಯಾಕೆ? ಕುಂಡದ ಸುತ್ತ ಒಂದು ಹಿಡಿ ಅಕ್ಕಿನುಚ್ಚು ಚೆಲ್ಲಿ. ಅವು ನುಚ್ಚು ಹೊತ್ತು ಮುಗಿಸುವುದರೊಳಗೆ ಬೀಜ ಮೊಳೆತಿರುತ್ತದೆ. ತಿಂಗಳೊಳಗೆ ಸೊಪ್ಪು ಸಾರಿಗೆ ಬರುತ್ತದೆ. ಬಸಳೆಗೆ ಬೀಜವೂ ಬೇಡ, ಪಕ್ಕದ ಮನೆಯ ಚಪ್ಪರದಿಂದ ಒಂದು ಕಡ್ಡಿ ತಂದು ಊರಿ.

ಹೀರೆ, ಹಾಗಲದ ಬಳ್ಳಿ ತುಂಬ ಹೂ, ಒಂದೂ ಕಾಯಿ ಇಲ್ಲ ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಬರುವುದೆಲ್ಲ ಗಂಡುಹೂವೇ, ತಾಳ್ಮೆ ಇರಲಿ. ಹೂವಿನ ಹಿಂದೆ ಪುಟ್ಟ ಕಾಯಿ ಅಂಟಿಕೊಂಡಿದ್ದರೆ ಅದು ಹೆಣ್ಣು. ಮಹಡಿ ಮೇಲೆ ಜೇನ್ನೊಣ ಬರದಿದ್ದರೆ ಕೆಲಸ ನಿಮ್ಮದೇ. ಗಂಡುಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣುಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿ. ಹಾಗಲದ ಹೂ ಬೆಳಿಗ್ಗೆ ಅರಳುತ್ತದೆ, ಹೀರೆಯದು ಸಂಜೆ. ಬೆಳಿಗ್ಗೆ ಹೀರೆಗೆ ಸವರುತ್ತಾ ಕೂತರೆ ಏನೂ ಸಿಗುವುದಿಲ್ಲ.

ಇನ್ನು ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಾ? ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಬಕೆಟ್‌ಗೆ ಹಿಡಿದಿಡಿ, ಅವತ್ತೇ ಹಾಕಿ, ಮರುದಿನಕ್ಕೆ ನಾರುತ್ತದೆ. ಬಟ್ಟೆ ಒಗೆದ ನೀರು ಬೇಡ. ಆರ್‌ಒ ಯಂತ್ರ ಹೊರಗೆ ಬಿಡುವ ನೀರೂ ಬೇಡ. ಅದರಲ್ಲಿ ಲವಣ ಜಾಸ್ತಿ, ನೆಲ ಒರೆಸಲು ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟರೊಳಗೆ ನೀರು ಹಾಕಿ, ಬುಡಕ್ಕೆ ಒಣಎಲೆಯೋ ತೆಂಗಿನ ನಾರೋ ಎರಡು ಇಂಚು ಮುಚ್ಚಿ. ಮಧ್ಯಾಹ್ನ ಹೀರೆ ಎಲೆ ಬಾಡಿದ್ದು ಕಂಡು ಓಡಬೇಡಿ, ಸಂಜೆಗೆ ತಾನೇ ಏಳುತ್ತದೆ. ಸಂಜೆಯೂ ಬಾಡಿದ್ದರೆ ಆಗ ಹಾಕಿ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಏಪ್ರಿಲ್ ಕೊನೆಯ ಆ ಮಳೆ ಗಾಳಿ, ಆಲಿಕಲ್ಲು ಜೊತೆಗೇ ತರುತ್ತದೆ, ಹಾಗಾಗಿ ಚಪ್ಪರದ ಕಟ್ಟು ಮೊದಲೇ ಬಿಗಿ ಮಾಡಿ.

ಅಲಸಂದೆ ಕುಡಿಗೆ ಇರುವೆ ಹತ್ತುತ್ತಿದ್ದರೆ ಎಲೆ ತಿರುಗಿಸಿ ನೋಡಿ, ಕಪ್ಪು ಹೇನು ಕೂತಿರುತ್ತದೆ. ಪೈಪಿನ ನೀರು ಜೋರಾಗಿ ಬಿಟ್ಟರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು, ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಚೆನ್ನಾಗಿ ಬಿಟ್ಟ ಒಂದು ಬೆಂಡೆ ಗಿಡದಲ್ಲಿ ಎರಡು ಕಾಯಿ ಕೊಯ್ಯದೆ ಬಿಡಿ. ಒಣಗಿ ಸೀಳು ಬಿಟ್ಟ ಮೇಲೆ ಬೀಜ ತೆಗೆದು, ನೆರಳಲ್ಲಿ ಆರಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕಿ. ಪೊಟ್ಟಣದ ಮೇಲೆ ಎಫ್-1 ಹೈಬ್ರಿಡ್, ಅಂದರೆ ಎರಡು ತಳಿ ಬೆರೆಸಿ ಮಾಡಿದ ಬೀಜ, ಅಂತಿದ್ದರೆ ಈ ಕಷ್ಟ ಬೇಡ. ಅದರ ಬೀಜದಿಂದ ಅದೇ ಥರದ ಗಿಡ ಬರುವುದಿಲ್ಲ, ಆ ಎರಡು ಕಾಯಿಯನ್ನೂ ಎಳೆಯದಾಗಿರುವಾಗಲೇ ಪಲ್ಯ ಮಾಡಿ.