ರಜೆ ದಿನದ ರಸ್ತೆ ಓಟ: ನಾನು ಪಾಲಿಸುವ ಕ್ರಮ

ಯಾವುದೇ ಓಟಕ್ಕೆ ದುಡ್ಡು ಕಟ್ಟುವ ಮೊದಲು ಸಂಘಟಕರಿಗೆ ಎರಡು ಪ್ರಶ್ನೆ ಕೇಳುತ್ತೇನೆ. ದಾರಿಯನ್ನು ಸರಿಯಾಗಿ ಅಳೆಸಿದ್ದೀರಾ? ಬಿಬ್‌ನಲ್ಲಿ, ಅಂದರೆ ಅಂಗಿಗೆ ಚುಚ್ಚಿಕೊಳ್ಳುವ ನಂಬರಿನ ಕಾಗದದಲ್ಲಿ, ಸಮಯ ದಾಖಲಿಸುವ ಚಿಪ್ ಇರುತ್ತದಾ? ಎರಡಕ್ಕೂ ಹೌದು ಅಂದರೆ ಆ ಓಟಕ್ಕೆ ಗುರಿ ಸಮಯ ಇಟ್ಟುಕೊಂಡು ತಯಾರಾಗುತ್ತೇನೆ. ಇಲ್ಲ ಅಂದರೂ ಹೋಗುತ್ತೇನೆ, ಆದರೆ ಅವತ್ತು ವಾಚ್ ಕಡೆ ನೋಡುವುದಿಲ್ಲ. ಬೆಂಗಳೂರಿನಲ್ಲಿ ಜನವರಿ 26, ಆಗಸ್ಟ್ 15, ನವೆಂಬರ್ 1ರ ಆಸುಪಾಸಿನಲ್ಲಿ ನಡೆಯುವ ಐದು, ಹತ್ತು ಕಿಲೋಮೀಟರ್ ಓಟಗಳಲ್ಲಿ ಎರಡೂ ಬಗೆಯವು ಇರುತ್ತವೆ. ಒಂದನ್ನು ಇನ್ನೊಂದು ಅಂದುಕೊಂಡು ಓಡಿದವರಿಗೇ ಬೇಸರವಾಗುವುದು.

ಅಳತೆಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಪ್ರಮಾಣೀಕೃತ ದಾರಿಯನ್ನು ಸೈಕಲ್ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಕೆಯ ಸಾಧನ ಕಟ್ಟಿ ಅಳೆಯುತ್ತಾರೆ. ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ಗೆರೆಯಲ್ಲೇ, ಅಂದರೆ ಪ್ರತಿ ತಿರುವಿನ ಒಳಅಂಚಿನಿಂದ ಸುಮಾರು 30 ಸೆಂಟಿಮೀಟರ್ ಬಿಟ್ಟು, ಸೈಕಲ್ ಓಡಿಸುತ್ತಾರೆ. ದಾರಿ ಎಲ್ಲಿಯೂ ಕಡಿಮೆ ಬೀಳದಿರಲಿ ಎಂದು ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ. 10 ಕಿ.ಮೀ.ಗೆ ಅದು 10 ಮೀಟರ್. ನಾವು ಗುಂಪಿನಲ್ಲಿ ಆ ಗೆರೆ ಹಿಡಿಯಲಾರೆವು. ಜನರನ್ನು ಬಳಸಿಕೊಂಡು, ನೀರಿನ ಟೇಬಲ್ ಕಡೆ ವಾಲಿ, ತಿರುವಿನಲ್ಲಿ ಹೊರಗೆ ಸರಿದು ಓಡುತ್ತೇವೆ. ಹಾಗಾಗಿ ಸರಿಯಾಗಿ ಅಳೆದ ಹತ್ತರಲ್ಲಿ ನನ್ನ ಜಿಪಿಎಸ್ ವಾಚ್ ಸಾಮಾನ್ಯವಾಗಿ 10.15 ಕಿ.ಮೀ. ತೋರಿಸುತ್ತದೆ. ಇದು ಲೆಕ್ಕದಲ್ಲಿರಬೇಕು. ವಾಚ್‌ನಲ್ಲಿ ಕಿಲೋಮೀಟರಿಗೆ ಸರಿಯಾಗಿ 6 ನಿಮಿಷ ಹಿಡಿದು ಓಡಿದರೆ 60 ನಿಮಿಷಕ್ಕೆ ಮುಗಿಯುವುದಿಲ್ಲ, 60:54 ಆಗುತ್ತದೆ. 60ರ ಒಳಗೆ ಬರಬೇಕೆಂದರೆ ವಾಚ್‌ನಲ್ಲಿ 5:54 ಕಾಣಬೇಕು. ಇನ್ನು ಮೆಟ್ರೊ ಮೇಲ್ಸೇತುವೆಯ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಅತ್ತಿತ್ತ ಜಿಗಿಯುತ್ತದೆ. ಅಲ್ಲಿ ರಸ್ತೆ ಬದಿಯ ಕಿಲೋಮೀಟರ್ ಫಲಕವನ್ನೇ ನಂಬಿ ಲ್ಯಾಪ್ ಗುಂಡಿ ಒತ್ತುತ್ತೇನೆ.

ಸಣ್ಣ ಓಟಗಳಲ್ಲಿ ತಿರುಗುವ ಜಾಗದ ಕೋನ್ ಅನ್ನು ಪೊಲೀಸರು ಹೇಳಿದಲ್ಲಿ, ಸಂಚಾರಕ್ಕೆ ಅಡ್ಡಿಯಾಗದಲ್ಲಿ ಇಡುತ್ತಾರೆ. ಅರ್ಧ ಕಿಲೋಮೀಟರ್ ಹೆಚ್ಚುಕಡಿಮೆ ಆಗುವುದು ಅದರಿಂದಲೇ. ಅಲ್ಲಿ ಬಂದ ಸಮಯವನ್ನು ನನ್ನ ದಾಖಲೆಗೆ ಸೇರಿಸುವುದಿಲ್ಲ.

ಸಹಾಯಾರ್ಥ ಓಟ ಅಂದಾಗ ಮೂರನೆಯ ಪ್ರಶ್ನೆಯೂ ಇದೆ: ನಾನು ಕಟ್ಟುವ ಶುಲ್ಕದಲ್ಲಿ ಎಷ್ಟು, ಯಾವ ಸಂಸ್ಥೆಗೆ ಹೋಗುತ್ತದೆ? ಟೀ ಶರ್ಟ್, ಪದಕ, ಚಿಪ್, ನೀರು, ಆಂಬುಲೆನ್ಸ್, ಬ್ಯಾರಿಕೇಡ್, ತಿಂಡಿ ಇವುಗಳಿಗೇ ಶುಲ್ಕದ ಬಹುಪಾಲು ಖರ್ಚಾಗುವುದು ಸಹಜ. ಅದರಲ್ಲಿ ತಪ್ಪಿಲ್ಲ, ಆದರೆ ಸ್ಪಷ್ಟವಾಗಿ ಹೇಳಬೇಕು. ನೋಂದಣಿ ಶುಲ್ಕ ಬೇರೆ, ದೇಣಿಗೆ ಬೇರೆ. ಶುಲ್ಕಕ್ಕೆ ಬದಲಾಗಿ ನಮಗೆ ಸೇವೆ ಸಿಕ್ಕಿರುತ್ತದಾದ್ದರಿಂದ ಆದಾಯ ತೆರಿಗೆ ರಿಯಾಯಿತಿಯ ರಸೀದಿ ದೇಣಿಗೆಯ ಭಾಗಕ್ಕೆ ಮಾತ್ರ ಸಿಗುತ್ತದೆ. ನಾನು ಚಿಕ್ಕ ಓಟಗಳಲ್ಲಿ ಶುಲ್ಕದಷ್ಟೇ ಮೊತ್ತವನ್ನು ನೇರವಾಗಿ ಆ ಸಂಸ್ಥೆಯ ಖಾತೆಗೆ ಬೇರೆಯಾಗಿ ಕಳಿಸುತ್ತೇನೆ. ಮನೆಯಲ್ಲಿ ಟೀ ಶರ್ಟ್ ರಾಶಿ ಇರುವವರು 'ಟೀ ಶರ್ಟ್ ಬೇಡ, ಆ ಹಣವನ್ನು ಸಂಸ್ಥೆಗೆ ಸೇರಿಸಿ' ಎಂದು ಕೇಳಿ ನೋಡಿ. ಕೆಲವರು ಒಪ್ಪುತ್ತಾರೆ.

ದಿನಕ್ಕೆ ತಕ್ಕ ಹಾಗೆ ರಸ್ತೆಯೂ ಬದಲಾಗುತ್ತದೆ. ಜನವರಿ 26 ಮತ್ತು ಆಗಸ್ಟ್ 15ರಂದು ಮಾಣೆಕ್‌ ಷಾ ಪರೇಡ್ ಮೈದಾನದಲ್ಲಿ ಸರ್ಕಾರಿ ಕವಾಯತು ಇರುವುದರಿಂದ ಕಬ್ಬನ್ ರಸ್ತೆಯ ಸುತ್ತ ಬೆಳಗಿನಿಂದಲೇ ಸಂಚಾರ ನಿರ್ಬಂಧ. ಆ ಭಾಗ ದಾಟಿ ಓಟದ ಜಾಗ ತಲುಪಬೇಕಾದರೆ ಹಿಂದಿನ ದಿನವೇ ಪೊಲೀಸರ ಪ್ರಕಟಣೆ ಓದಿಕೊಳ್ಳುತ್ತೇನೆ. ಅದೇ ಎರಡು ಹಬ್ಬದ ಸುಮಾರಿಗೆ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. ಆ ವಾರ ಅಲ್ಲಿ ಅಭ್ಯಾಸಕ್ಕೆ ಹೋಗುವುದು ಬೇಡ, ಕಬ್ಬನ್ ಪಾರ್ಕ್ ವಾಸಿ. ಭಾನುವಾರ ಮೆಟ್ರೊ ಶುರುವಾಗುವುದು ಬೆಳಿಗ್ಗೆ 7ಕ್ಕೆ. ದೊಡ್ಡ ಓಟಗಳಿಗೆ ಬೇಗನೆ ವಿಶೇಷ ರೈಲು ಬಿಡುವುದುಂಟು, ಚಿಕ್ಕವಕ್ಕೆ ಅದನ್ನು ನಂಬಬೇಡಿ.

2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಮೊದಲೆಲ್ಲ ಮೇನಲ್ಲಿ ಇರುತ್ತಿತ್ತು, ಈಚೆಗೆ ಏಪ್ರಿಲ್ ಕೊನೆಗೆ ಬಂದಿದೆ. ಜನವರಿಯ ಓಟದ ಬೆಳಗಿಗೂ ಏಪ್ರಿಲ್ ಕೊನೆಯ ಬೆಳಗಿಗೂ ಆರೇಳು ಡಿಗ್ರಿ ವ್ಯತ್ಯಾಸ. ಜನವರಿಯಲ್ಲಿ 58 ನಿಮಿಷಕ್ಕೆ ಓಡಿದ ದೇಹ ಏಪ್ರಿಲ್‌ನಲ್ಲಿ 60 ತೆಗೆದುಕೊಂಡರೆ ಅದು ಹಿನ್ನಡೆಯಲ್ಲ. ಬಿಸಿಲಿನ ತಿಂಗಳಲ್ಲಿ ಕಿಲೋಮೀಟರಿಗೆ 10ರಿಂದ 15 ಸೆಕೆಂಡ್ ಬಿಟ್ಟುಕೊಟ್ಟೇ ಯೋಜನೆ ಹಾಕುತ್ತೇನೆ.

ಗುರಿ ಸಮಯ ಹಾಕಿಕೊಳ್ಳಲು ನಾನು ಬಳಸುವುದು ರೀಗಲ್ ಸೂತ್ರ. ಈಚೆಗೆ ಜೋರಾಗಿ ಓಡಿದ 5 ಕಿ.ಮೀ. ಸಮಯವನ್ನು 2.085ರಿಂದ ಗುಣಿಸಿದರೆ 10 ಕಿ.ಮೀ. ಸಮಯದ ಅಂದಾಜು ಸಿಗುತ್ತದೆ. 28 ನಿಮಿಷದ ಐದು ಅಂದರೆ ಸುಮಾರು 58:20ರ ಹತ್ತು. ಆದರೆ ವಾರಕ್ಕೆ 25 ಕಿ.ಮೀ. ಆದರೂ ಓಡುತ್ತಿದ್ದು, ಒಂದು ದಿನ 10-12 ಕಿ.ಮೀ. ನಿಧಾನ ಓಟ ಮಾಡುತ್ತಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಬರೀ ಐದರ ಅಭ್ಯಾಸ ಇರುವವರಿಗೆ ಏಳನೇ ಕಿಲೋಮೀಟರಿನಲ್ಲಿ ಅದು ಕೈಕೊಡುತ್ತದೆ.

ಹಿಂದಿನ ಸಂಜೆ ಮಾಡುವ ಕೆಲಸಗಳಲ್ಲಿ ಬಿಬ್ ಮುಖ್ಯ. ಓಡುವ ಅಂಗಿಯನ್ನು ಮೈಮೇಲೆ ಹಾಕಿಕೊಂಡೇ ಪಿನ್ ಚುಚ್ಚಬೇಕು. ಮಂಚದ ಮೇಲೆ ಹಾಸಿ ಚುಚ್ಚಿದರೆ ತೊಟ್ಟಾಗ ಬಟ್ಟೆ ಎಳೆದು ಬಿಬ್ ಬಿಲ್ಲಿನಂತೆ ಬಾಗುತ್ತದೆ. ಎದೆಯ ಮೇಲೆ ಬೇಡ, ಹೊಟ್ಟೆಯ ಮೇಲ್ಭಾಗಕ್ಕೆ ಬರಲಿ. ಮೇಲಿನ ಎರಡು ಪಿನ್ ಮೊದಲು, ಆಮೇಲೆ ಕೆಳಗಿನವು. ಪಿನ್ ತೂತಿನೊಳಗೆ ಸುಮ್ಮನೆ ತೂರಿಸಿದರೆ ಬಿಬ್ ಪಟಪಟ ಬಡಿಯುತ್ತದೆ. ತೂತಿನಿಂದ ಒಳಗಿಳಿಸಿ, ಬಟ್ಟೆ ಹಿಡಿದು, ಬಿಬ್‌ನ ಅಂಚಿನ ಕಾಗದದಲ್ಲೇ ಮತ್ತೆ ಮೇಲೆ ತೆಗೆದು ಕೊಂಡಿ ಹಾಕಿದರೆ ಅಲ್ಲಾಡುವುದಿಲ್ಲ. ಚಿಪ್ ಇರುವುದು ಹಿಂಬದಿಯ ಸ್ಪಂಜಿನ ಪಟ್ಟಿಯಲ್ಲಿ ಅಥವಾ ತೆಳುವಾದ ಸ್ಟಿಕರ್‌ನಲ್ಲಿ. ಅದಕ್ಕೆ ಪಿನ್ ತಾಗಬಾರದು, ಮಡಿಸಬಾರದು. ನೀರು ಮತ್ತು ಲೋಹ ರೇಡಿಯೊ ಸಂಕೇತವನ್ನು ತಡೆಯುವುದರಿಂದ ಬಿಬ್‌ನ ಮೇಲೆ ಜಾಕೆಟ್, ಮೊಬೈಲ್ ಬೆಲ್ಟ್, ಬಾಟಲಿ ಬರಬಾರದು. ಬಿಬ್ ಬೆನ್ನಿಗೆ ಹಾಕಿಕೊಂಡವರ ಸಮಯ ದಾಖಲಾಗದೆ ಹೋಗುವುದಕ್ಕೂ ಇದೇ ಕಾರಣ. ಬಿಬ್‌ನ ಹಿಂದೆ ರಕ್ತದ ಗುಂಪು ಮತ್ತು ಮನೆಯವರ ನಂಬರ್ ಬರೆಯುವ ಜಾಗವನ್ನು ಖಾಲಿ ಬಿಡಬೇಡಿ.

ಹೊಸ ಶೂ, ಸಂಘಟಕರು ಕೊಟ್ಟ ಹೊಸ ಟೀ ಶರ್ಟ್, ಎರಡನ್ನೂ ಅವತ್ತೇ ಹಾಕುವುದಿಲ್ಲ. ಶೂ ಕನಿಷ್ಠ 40 ಕಿ.ಮೀ. ಓಡಿರಬೇಕು. ಕಂಕುಳು, ತೊಡೆಸಂದು, ಮೊಲೆತೊಟ್ಟಿಗೆ ವ್ಯಾಸಲೀನ್. ಲೇಸಿಗೆ ಎರಡು ಗಂಟು.

ಊಟದ ವಿಷಯದಲ್ಲಿ ಹೊಸತೇನೂ ಬೇಡ. ರಾತ್ರಿ ಏಳೂವರೆಗೆ ಅನ್ನ, ಸಾರು, ಮೊಸರು. ಕಾಳು ಪಲ್ಯ, ಹುರುಳಿ, ಖಾರದ ಎಣ್ಣೆಗಾಯಿ ಮಾರನೆಯ ದಿನಕ್ಕೆ. ಆರು ಗಂಟೆಯ ಓಟವಾದರೆ ನಾಲ್ಕಕ್ಕೆ ಏಳುತ್ತೇನೆ. ಒಂದು ಬಾಳೆಹಣ್ಣು, ಒಂದು ಚಪಾತಿಗೆ ಬೆಲ್ಲ, ಅರ್ಧ ಲೋಟ ಕಾಫಿ. ಐದರೊಳಗೆ 300-400 ಮಿ.ಲೀ. ನೀರು ಕುಡಿದು ನಿಲ್ಲಿಸುತ್ತೇನೆ, ಆಮೇಲೆ ಒಂದೆರಡು ಗುಟುಕಷ್ಟೇ. ಶೌಚಾಲಯದ ಸಾಲಿಗೆ 40 ನಿಮಿಷ ಮೊದಲೇ ನಿಲ್ಲಬೇಕು. ಕೊನೆಯ ಹತ್ತು ನಿಮಿಷದಲ್ಲಿ ಅಲ್ಲಿ ಸಾಲು ಕರಗುವುದೇ ಇಲ್ಲ. ಜೇಬಿನಲ್ಲಿ ಟಿಶ್ಯೂ ಇರಲಿ.

ವೇದಿಕೆಯ ಮೇಲೆ ಜುಂಬಾ ಕುಣಿತ ಇರುತ್ತದೆ. ಅಭ್ಯಾಸವಿಲ್ಲದ ಜಿಗಿತಗಳಿಂದ ಮೀನಖಂಡ ಹಿಡಿದುಕೊಳ್ಳುತ್ತದೆ. ನಾನು ಪಕ್ಕದ ರಸ್ತೆಯಲ್ಲಿ ಹತ್ತು ನಿಮಿಷ ನಿಧಾನ ಓಡಿ, 80 ಮೀಟರಿನ ನಾಲ್ಕು ಚುರುಕು ಓಟ ಮುಗಿಸಿ ಸಾಲಿಗೆ ಹೋಗುತ್ತೇನೆ.

ಎಲ್ಲಿ ನಿಲ್ಲಬೇಕು ಎನ್ನುವುದನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಡೆಯುವವರು, ಮಕ್ಕಳ ಜೊತೆ ಬಂದವರು, ಬ್ಯಾನರ್ ಹಿಡಿದು ಕೈಕೈ ಕೋದುಕೊಂಡು ಹೋಗುವವರು ಮುಂದಿನ ಸಾಲಿನಲ್ಲಿ ನಿಂತರೆ ಹಿಂದಿನಿಂದ ಬರುವವರು ಬೀಳುತ್ತಾರೆ, ಅವರನ್ನೂ ಬೀಳಿಸುತ್ತಾರೆ. ಚಿಪ್ ಇರುವ ಓಟದಲ್ಲಿ ನಿಮ್ಮ ಸಮಯ ಶುರುವಾಗುವುದು ಆರಂಭದ ಗೆರೆಯಲ್ಲಿ ಹಾಸಿದ, ಚಿಪ್ ಓದುವ ಮ್ಯಾಟ್ ಅನ್ನು ನೀವು ತುಳಿದಾಗ, ಹಿಂದೆ ನಿಂತರೆ ಏನೂ ನಷ್ಟವಿಲ್ಲ. ಬಹುಮಾನದ ಸ್ಥಾನಗಳನ್ನು ಸಾಮಾನ್ಯವಾಗಿ ಗನ್ ಟೈಮ್, ಅಂದರೆ ಓಟ ಶುರುವಾದ ಸದ್ದಿನಿಂದ ಎಣಿಸಿದ ಸಮಯದ ಮೇಲೆ ಕೊಡುತ್ತಾರೆ, ಅದಕ್ಕೆ ಸ್ಪರ್ಧಿಸುವವರು ಮಾತ್ರ ಮುಂದಿರಬೇಕು. ನಾನು ನನ್ನ ಗುರಿ ಸಮಯಕ್ಕೆ ಓಡಿಸುವ ಪೇಸರ್ (ನಿಗದಿತ ವೇಗದಲ್ಲಿ ಮುಂದೆ ಓಡುವವರು) ಹಿಡಿದ ಧ್ವಜದ ಹಿಂದೆ, ರಸ್ತೆಯ ಅಂಚಿಗೆ ನಿಲ್ಲುತ್ತೇನೆ.

ಮೊದಲ ಕಿಲೋಮೀಟರ್ ಗುರಿಗಿಂತ 10-15 ಸೆಕೆಂಡ್ ನಿಧಾನವಾಗಲಿ. ಗುಂಪಿನಲ್ಲಿ ಎಡಕ್ಕೆ ಬಲಕ್ಕೆ ನುಗ್ಗಿ ಉಳಿಸುವ ಹತ್ತು ಸೆಕೆಂಡಿಗೆ ಎಂಟನೇ ಕಿಲೋಮೀಟರಿನಲ್ಲಿ ಒಂದು ನಿಮಿಷ ತೆರಬೇಕಾಗುತ್ತದೆ. ಆರಂಭದ ಜೋರು ವೇಗಕ್ಕೆ ಸ್ನಾಯುಗಳಲ್ಲಿ ಸೇರಿದ ಆಯಾಸ ಓಟದ ನಡುವೆ ಇಳಿಯುವುದಿಲ್ಲ. ಎರಡನೆಯದರಿಂದ ಏಳರವರೆಗೆ ಒಂದೇ ವೇಗ. ಬೆಂಗಳೂರು ಸಮತಟ್ಟಲ್ಲ. ಹಲಸೂರು ಕೆರೆಯಂಥ ತಗ್ಗಿಗೆ ಇಳಿದ ದಾರಿ ಮತ್ತೆ ಹತ್ತಲೇಬೇಕು, ಫ್ಲೈಓವರ್‌ಗಳು ಬೇರೆ. ಏರಿನಲ್ಲಿ ವೇಗ ನೋಡದೆ ಉಸಿರು ನೋಡುತ್ತೇನೆ: ಮೂರು ಪದ ಒಟ್ಟಿಗೆ ಹೇಳಲು ಆಗದಿದ್ದರೆ ಹೆಜ್ಜೆ ಚಿಕ್ಕದು ಮಾಡುತ್ತೇನೆ. ಇಳಿಜಾರಿನಲ್ಲಿ ಆ ಸೆಕೆಂಡುಗಳು ವಾಪಸು ಬರುತ್ತವೆ.

ನೀರಿನ ಟೇಬಲ್‌ಗಳಲ್ಲಿ ಮೊದಲನೆಯದರ ಹತ್ತಿರ ನೂಕುನುಗ್ಗಲು. ಕೊನೆಯ ಟೇಬಲ್‌ಗೆ ಹೋಗಿ. ಪೇಪರ್ ಲೋಟದ ಬಾಯಿಯನ್ನು ಹೆಬ್ಬೆರಳು, ತೋರುಬೆರಳಿನಿಂದ ಹಿಸುಕಿದರೆ ಕೊಕ್ಕಿನಂತಾಗುತ್ತದೆ. ಆಗ ಮೂಗಿಗೆ ನೀರು ನುಗ್ಗುವುದಿಲ್ಲ, ಎರಡು ಗುಟುಕು ಕುಡಿದು ಉಳಿದದ್ದನ್ನು ಕುತ್ತಿಗೆಗೆ ಸುರಿದುಕೊಳ್ಳಬಹುದು. ಬಾಟಲಿ ಕೊಟ್ಟರೆ ಮುಚ್ಚಳವನ್ನು ರಸ್ತೆಗೆ ಎಸೆಯಬೇಡಿ. ಹಿಂದೆ ಬರುವವರ ಹಿಮ್ಮಡಿಯ ಕೆಳಗೆ ಉರುಳಿ ಪಾದ ಹೊರಳಿಸುವುದು ಅದೇ. ಐದು ಕಿ.ಮೀ. ಓಟಕ್ಕೆ ನೀರು ನಿಜಕ್ಕೂ ಬೇಕಾಗುವುದಿಲ್ಲ.

ಹಂಪ್, ಮ್ಯಾನ್‌ಹೋಲ್ ಮುಚ್ಚಳ, ಬಿಳಿ ಬಣ್ಣದ ಪಟ್ಟೆಗಳು ಒದ್ದೆಯಾದರೆ ಜಾರುತ್ತವೆ. ಏಪ್ರಿಲ್, ಮೇನಲ್ಲಿ ರಾತ್ರಿ ಮಳೆ ಬಂದರೆ ಗುಲ್‌ಮೊಹರ್ ಹೂಗಳು ಡಾಂಬರಿಗೆ ಅಂಟಿ ಸಾಬೂನಿನಂತಾಗಿರುತ್ತವೆ. ಅಲ್ಲಿ ತಿರುವು ಬಂದರೆ ಅಗಲವಾಗಿ ತಿರುಗಿ.

ಪಕ್ಕೆ ನೋವಿಗೆ ಹೆಚ್ಚಾಗಿ ಕಾರಣ ಓಟಕ್ಕೆ ತೀರ ಹತ್ತಿರ ತಿಂದದ್ದು ಅಥವಾ ಕುಡಿದದ್ದು. ವೇಗ ತಗ್ಗಿಸಿ, ನೋಯುವ ಜಾಗವನ್ನು ಬೆರಳಿನಿಂದ ಒತ್ತಿ, ಉಸಿರನ್ನು ಉದ್ದಕ್ಕೆ ಹೊರಬಿಟ್ಟರೆ ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಮೀನಖಂಡ ಸೆಳೆತಕ್ಕೆ ಎಲ್ಲರೂ ಉಪ್ಪಿನ ಕೊರತೆ ಅನ್ನುತ್ತಾರೆ. ಒಂದು ತಾಸಿನ ಓಟದಲ್ಲಿ ಅಭ್ಯಾಸಕ್ಕಿಂತ ಜೋರಾಗಿ ಓಡಿದ್ದೇ ಹೆಚ್ಚಾಗಿ ಕಾರಣ ಅನ್ನುವುದು ನನ್ನ ಅನುಭವ. ನಿಂತು, ಪಾದದ ಬೆರಳುಗಳನ್ನು ಮೇಲಕ್ಕೆ ಎಳೆದು 20-30 ಸೆಕೆಂಡ್ ಹಿಡಿದು, ಆಮೇಲೆ ನಡೆಯಿರಿ. ಎದೆ ಬಿಗಿತ, ತಲೆ ಸುತ್ತು, ಬಿಸಿಲಲ್ಲೂ ಮೈ ಜುಮ್ಮೆಂದು ಚಳಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ ಸ್ವಯಂಸೇವಕರನ್ನು ಕರೆಯಿರಿ. ಪದಕಕ್ಕಾಗಿ ಇನ್ನೊಂದು ಕಿಲೋಮೀಟರ್ ಎಂದು ಎಳೆಯಬೇಡಿ.

ಗೆರೆ ದಾಟಿದ ತಕ್ಷಣ ವಾಚ್ ನಿಲ್ಲಿಸಲು ನಿಲ್ಲಬೇಡಿ, ಹಿಂದಿನವರು ಡಿಕ್ಕಿ ಹೊಡೆಯುತ್ತಾರೆ. ಕೊನೆಯ ಮ್ಯಾಟ್ ದಾಟಿ ಹತ್ತು ಹೆಜ್ಜೆ ಮುಂದೆ ಹೋಗಿ. ಐದಾರು ನಿಮಿಷ ನಡೆದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಆಮೇಲೆ ತಿಂಡಿ ಡಬ್ಬಿ. ಹತ್ತು ಕಿ.ಮೀ. ಜೋರಾಗಿ ಓಡಿದ ಮೇಲೆ ಐದಾರು ದಿನ ವೇಗದ ಅಭ್ಯಾಸ ಮಾಡುವುದಿಲ್ಲ. ಹಬ್ಬದ ತಿಂಗಳಲ್ಲಿ ಪ್ರತಿ ಭಾನುವಾರ ಒಂದೊಂದು ಓಟ ಬಂದರೆ ಒಂದನ್ನು ಮಾತ್ರ ಜೋರಾಗಿ ಓಡಿ, ಮಿಕ್ಕವನ್ನು ಮಾತಾಡಿಕೊಂಡು ಓಡುತ್ತೇನೆ.

ಫಲಿತಾಂಶದ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಎರಡು ದಿನದೊಳಗೆ ಬಿಬ್ ನಂಬರ್, ವಾಚ್ ದಾಖಲೆ ಮತ್ತು ಗೆರೆ ದಾಟುವ ಫೋಟೊ ಕಳಿಸಿ. ನಡುವಿನ ಮ್ಯಾಟ್‌ನಲ್ಲಿ ಚಿಪ್ ಓದಿದ್ದರೆ ಸಾಮಾನ್ಯವಾಗಿ ಸರಿಪಡಿಸುತ್ತಾರೆ. ಅಲ್ಲಿಯವರೆಗೆ ಬಿಬ್ ಎಸೆಯದೆ ಇಟ್ಟುಕೊಳ್ಳಿ.