100 ಡಾಲರ್ ಬೆನ್ನು ಹತ್ತಿ: ಹಾಂಗ್‌ಕಾಂಗ್ ಜಾಕಿ ಕ್ಲಬ್ಬಿನ ಲೆಕ್ಕ ಓದಿದ ಕಥೆ

ಮೈಸೂರಿನ ನಮ್ಮ ಮನೆಯಲ್ಲಿ ‘ರೇಸ್’ ಅನ್ನುವ ಮಾತನ್ನು ಜೋರಾಗಿ ಆಡುವಂತಿರಲಿಲ್ಲ. ಚಿಕ್ಕಪ್ಪ ಚಾಮುಂಡಿ ಬೆಟ್ಟದ ಕೆಳಗಿನ ರೇಸ್‌ಕೋರ್ಸಿಗೆ ಹೋಗುತ್ತಿದ್ದರು. ಅಜ್ಜಿ ಕೇಳಿದರೆ ‘ಬ್ಯಾಂಕಿಗೆ ಹೋಗಿದ್ದಾರೆ’ ಅಂತ ಹೇಳುವುದು ನನ್ನ ಕೆಲಸ. ಒಂದು ಭಾನುವಾರವೂ ಹಾಗೇ ಹೇಳಿ ಸಿಕ್ಕಿಬಿದ್ದಿದ್ದೆ.

ಅಂಥ ಮನೆಯಿಂದ ಬಂದವಳು ನಾನು. ಹಾಂಗ್‌ಕಾಂಗ್‌ಗೆ ಬಂದ ಮೇಲೆ ಕುದುರೆ ಪಂದ್ಯದ ಸಂಸ್ಥೆಯೊಂದರ ವಾರ್ಷಿಕ ವರದಿಯನ್ನು ಸಾಲು ಸಾಲಾಗಿ ಓದಬೇಕಾಯಿತು. ಕಸುಬು ಅಕೌಂಟ್ಸ್. ಬಿಡುವಿನಲ್ಲಿ ಒಂದು ಸಣ್ಣ ಸೇವಾ ಸಂಸ್ಥೆಯ ಲೆಕ್ಕ ನೋಡಿಕೊಳ್ಳುತ್ತೇನೆ. ದಕ್ಷಿಣ ಏಷ್ಯಾದ ಮನೆಗಳ ಮಕ್ಕಳಿಗೆ ಕ್ಯಾಂಟನೀಸ್ ಓದು ಬರಹ ಕಲಿಸುವ ಸಂಸ್ಥೆ ಅದು. ಬಾಡಿಗೆ ಏರಿತು, ಕೈಲಿದ್ದ ದುಡ್ಡು ಕರಗಿತು. ‘ಜಾಕಿ ಕ್ಲಬ್ಬಿನ ಚಾರಿಟೀಸ್ ಟ್ರಸ್ಟಿಗೆ ಅರ್ಜಿ ಹಾಕೋಣ’ ಅಂತ ಸಮಿತಿಯಲ್ಲಿ ಒಬ್ಬರು ಅಂದರು. ‘ಜೂಜಿನ ದುಡ್ಡು ನಮಗೆ ಬೇಡ’ ಅಂತ ಇನ್ನೊಬ್ಬರು. ‘ಮೊದಲು ಆ ದುಡ್ಡು ಎಲ್ಲಿಂದ ಬರುತ್ತೆ, ಎಷ್ಟು ಬರುತ್ತೆ ನೋಡಿ ಹೇಳಿ’ ಅಂತ ಅಧ್ಯಕ್ಷರು ನನ್ನ ಕಡೆ ತಿರುಗಿದರು. ಎರಡು ಪುಟದ ಟಿಪ್ಪಣಿ, ಎರಡು ವಾರ ಗಡುವು.

ಇಲ್ಲಿ ಬದುಕುವವರಿಗೆ ಈ ಕ್ಲಬ್ ಕಣ್ಣಿಗೆ ಬೀಳದ ದಿನವೇ ಇಲ್ಲ. ಜನ ಸುಮ್ನೆ ‘ಮಾ ವುಯಿ’ ಅನ್ನುತ್ತಾರೆ, ಅಂದರೆ ಕುದುರೆ ಸಂಘ. 1884ರಲ್ಲಿ ಶುರುವಾದದ್ದು. ಕುದುರೆ, ಫುಟ್‌ಬಾಲ್, ಮಾರ್ಕ್ ಸಿಕ್ಸ್ ಲಾಟರಿ, ಮೂರಕ್ಕೂ ಪರವಾನಗಿ ಇರುವುದು ಇದೊಂದಕ್ಕೇ. ಷೇರುದಾರರಿಲ್ಲ, ಡಿವಿಡೆಂಡ್ ಹಂಚುವುದಿಲ್ಲ. ಮಿಕ್ಕಿದ್ದು ದಾನಕ್ಕೆ ಹೋಗಬೇಕು ಅನ್ನುವ ತೀರ್ಮಾನ 1955ರದು. ಓಷನ್ ಪಾರ್ಕ್ ಅನ್ನುವ ಥೀಮ್ ಪಾರ್ಕ್ ಕಟ್ಟಿದ್ದು ಇದೇ ದುಡ್ಡಿನಲ್ಲಿ. ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದ ಕಟ್ಟಡಗಳಿಗೂ ಇದೇ ದುಡ್ಡು. ಸೆಂಟ್ರಲ್ ಅನ್ನುವ ಬಡಾವಣೆಯ ಹಳೇ ಪೊಲೀಸ್ ಠಾಣೆಯನ್ನು ರಿಪೇರಿ ಮಾಡಿ 2018ರಲ್ಲಿ ತೆರೆದ ಕಲಾ ಕೇಂದ್ರ ತೈ ಕ್ವುನ್ ಕೂಡ ಹಾಗೇ. ಈಜುಕೊಳ, ಕ್ಲಿನಿಕ್, ವೃದ್ಧರ ಕೇಂದ್ರ, ಎಲ್ಲೆಲ್ಲೂ ಗೋಡೆ ಮೇಲೆ ಅದೇ ಹೆಸರು.

ಮೊದಲ ದಿನ ನಾನು ಮಾಡಿದ್ದು ದೊಡ್ಡ ತಪ್ಪು. ಒಳ್ಳೆಯ ಅಕೌಂಟೆಂಟ್ ಅಂದುಕೊಂಡಿದ್ದವಳಿಗೆ ಇವತ್ತಿಗೂ ಅದು ನಾಚಿಕೆ. 2022-23ರಲ್ಲಿ ಕ್ಲಬ್ಬಿನ ಒಟ್ಟು ಟರ್ನೋವರ್ 300 ಬಿಲಿಯನ್ ಹಾಂಗ್‌ಕಾಂಗ್ ಡಾಲರ್ ಆಸುಪಾಸು. ಆ ವರ್ಷ ಮಂಜೂರಾದ ದಾನ 7.3 ಬಿಲಿಯನ್. ಭಾಗಿಸಿದೆ. 2.4% ಬಂತು. ‘ಇಷ್ಟೇನಾ? ಇಷ್ಟಕ್ಕೆ ಇಷ್ಟೊಂದು ಬೋರ್ಡಾ?’ ಅಂದುಕೊಂಡು ಟಿಪ್ಪಣಿಯ ಮೊದಲ ಸಾಲನ್ನೇ ಹಾಗೆ ಬರೆದೆ.

ನನ್ನ ಆಫೀಸಿನಲ್ಲಿ ಒಬ್ಬ ಹಿರಿಯರಿದ್ದಾರೆ. ಇಲ್ಲೇ ಹುಟ್ಟಿ ಬೆಳೆದವರು, ಬುಧವಾರ ಬಂದರೆ ಮಧ್ಯಾಹ್ನದ ಊಟದ ಜೊತೆ ಪತ್ರಿಕೆಯ ರೇಸ್ ಪುಟ ಬಿಚ್ಚುವವರು. ಅವರಿಗೆ ತೋರಿಸಿದೆ. ನಕ್ಕರು. ಜೇಬಿನಿಂದ 100 ಡಾಲರ್ ನೋಟು ತೆಗೆದು ಮೇಜಿನ ಮೇಲಿಟ್ಟರು. ‘ಇದು ಒಂದೇ ನೋಟು ತಾನೇ? ಇವತ್ತು ರಾತ್ರಿ ಹ್ಯಾಪಿ ವ್ಯಾಲಿ ರೇಸ್‌ಕೋರ್ಸಿನಲ್ಲಿ ಇದನ್ನೇ ಐದು ಸಲ ಕಟ್ಟುತ್ತೇನೆ. ನಿಮ್ಮ ಟರ್ನೋವರ್ ಎಷ್ಟಾಯಿತು?’

ಅಷ್ಟರಲ್ಲಿ ಅರ್ಥವಾಯಿತು. ಟರ್ನೋವರ್ ಅಂದರೆ ಜನ ಕಳೆದುಕೊಂಡ ದುಡ್ಡಲ್ಲ, ಕೈಯಿಂದ ಕೈಗೆ ಸುತ್ತಿದ ದುಡ್ಡು. ಇಲ್ಲಿ ಕುದುರೆ ಪಂದ್ಯಕ್ಕೆ ಕಾನೂನುಬದ್ಧ ಬುಕ್ಕಿ ಇಲ್ಲ, ಎಲ್ಲಾ ಟೋಟ್. ಕಟ್ಟಿದ್ದೆಲ್ಲ ಒಂದು ಗುಡ್ಡೆಗೆ ಬೀಳುತ್ತದೆ. ಕುದುರೆ ಮೊದಲು ಬರುತ್ತೆ ಅಂತ ಕಟ್ಟುವ ವಿನ್, ಮೊದಲ ಕೆಲವು ಸ್ಥಾನಗಳಲ್ಲಿ ಬರುತ್ತೆ ಅಂತ ಕಟ್ಟುವ ಪ್ಲೇಸ್, ಈ ಎರಡು ಪಂದ್ಯಗಳಲ್ಲಿ 17.5% ತೆಗೆದಿಟ್ಟು, ಉಳಿದ 82.5% ಗೆದ್ದವರಿಗೆ ಹಂಚುತ್ತಾರೆ. ಗೆದ್ದವರು ಅದನ್ನೇ ಮುಂದಿನ ರೇಸಿಗೆ ಕಟ್ಟುತ್ತಾರೆ. ಕೂತು ಲೆಕ್ಕ ಹಾಕಿದೆ. 1,000 ಡಾಲರ್ ಹೀಗೆ ಸುತ್ತಿ ಸುತ್ತಿ ಪೂರ್ತಿ ಕರಗುವಷ್ಟರಲ್ಲಿ ಪುಸ್ತಕದಲ್ಲಿ ಸುಮಾರು 5,700 ಡಾಲರ್ ಟರ್ನೋವರ್ ಆಗಿರುತ್ತದೆ. ಜನರ ಜೇಬಿನಿಂದ ಹೋದದ್ದು ಮಾತ್ರ 1,000. ದಾನವನ್ನು 5,700ಕ್ಕೆ ಹೋಲಿಸಿದರೆ ಲೆಕ್ಕ ಹೇಗೆ ತಾಳೆಯಾಗುತ್ತದೆ?

ಟಿಪ್ಪಣಿ ಹರಿದು ಹಾಕಿದೆ. ಹೊಸ ಹಾಳೆಯಲ್ಲಿ ಆ 100 ಡಾಲರ್ ಬೆನ್ನು ಹತ್ತಿದೆ.

ವಿನ್‌ಗೆ ಕಟ್ಟಿದ 100ರಲ್ಲಿ 82.50 ವಾಪಸ್. ಉಳಿದದ್ದು 17.50. ಸರ್ಕಾರ ಸುಂಕ ಹಾಕುವುದು ಈ 17.50ರ ಮೇಲೆ, 72.5%ರಿಂದ ಶುರುವಾಗಿ 75%ವರೆಗೆ. ಅಂದರೆ ಸುಮಾರು 13 ಡಾಲರ್ ನೇರ ಖಜಾನೆಗೆ. ಕ್ಲಬ್ಬಿನ ಕೈಲಿ ಉಳಿಯುವುದು ನಾಲ್ಕೂವರೆ ಡಾಲರ್. ಕುದುರೆ ಮಾಲೀಕರ ಬಹುಮಾನ, ಲಾಯ, ಸಂಬಳ, ಕರೆಂಟು, ಟ್ರ್ಯಾಕಿನ ಹುಲ್ಲು, ಎಲ್ಲಾ ಇದರಲ್ಲೇ ಆಗಬೇಕು. ದಾನದ ಪಾಲು ಹೊರಡುವುದು ಇದಾದ ಮೇಲೆ.

ಫುಟ್‌ಬಾಲಿಗೆ ಬೇರೆ ದಾರಿ. ಅಲ್ಲಿ ಕ್ಲಬ್ಬಿಗೆ ಉಳಿಯುವ ಗ್ರಾಸ್ ಲಾಭದಲ್ಲಿ ಅರ್ಧ ಸುಂಕ. ಅದರ ಮೇಲೆ 2023-24ರಿಂದ ಐದು ವರ್ಷ, ವರ್ಷಕ್ಕೆ 2.4 ಬಿಲಿಯನ್ ವಿಶೇಷ ಸುಂಕ. ಮಾರ್ಕ್ ಸಿಕ್ಸ್ ಲೆಕ್ಕ ಎಲ್ಲಕ್ಕಿಂತ ಸಲೀಸು, ಮಕ್ಕಳಿಗೂ ಹೇಳಬಹುದು. 10 ಡಾಲರ್ ಟಿಕೆಟ್‌ನಲ್ಲಿ 5.40 ಬಹುಮಾನಕ್ಕೆ, 2.50 ಸುಂಕಕ್ಕೆ, 1.50 ಸಮಾಜ ಕಲ್ಯಾಣಕ್ಕೆ ಮೀಸಲಾದ ಲಾಟರೀಸ್ ಫಂಡಿಗೆ, 60 ಸೆಂಟ್ ಕ್ಲಬ್ಬಿನ ಕಮಿಷನ್.

ಈ ಹಾಳೆ ಪಕ್ಕದಲ್ಲಿಟ್ಟುಕೊಂಡು ವರದಿಯ ದೊಡ್ಡಕ್ಷರದ ಅಂಕಿಗೆ ಬಂದೆ. ‘ಸಮುದಾಯಕ್ಕೆ ಮರಳಿಸಿದ್ದು’ ಅಂತ ಒಂದು ಮೊತ್ತ ಪ್ರತಿ ವರ್ಷ ಬರುತ್ತದೆ. 2022-23ರಲ್ಲಿ 35.9 ಬಿಲಿಯನ್, 2023-24ರಲ್ಲಿ 40.1 ಬಿಲಿಯನ್. ಪತ್ರಿಕೆಗಳು ಎತ್ತಿ ಹಿಡಿಯುವುದೂ ಇದನ್ನೇ. ಆದರೆ ಒಡೆದು ನೋಡಬೇಕು. 2023-24ರ 40.1ರಲ್ಲಿ 29.9 ಬಿಲಿಯನ್ ಸುಂಕ, ಲಾಭದ ಮೇಲಿನ ತೆರಿಗೆ ಮತ್ತು ಲಾಟರೀಸ್ ಫಂಡಿಗೆ ಹೋದದ್ದು. ಮಂಜೂರಾದ ದಾನ 10.2 ಬಿಲಿಯನ್. ನಾಲ್ಕರಲ್ಲಿ ಮೂರು ಪಾಲು ಕಾನೂನು ಪ್ರಕಾರ ಕೊಡಲೇಬೇಕಾದ ದುಡ್ಡು. ಅದನ್ನು ಮರಳಿಸಿದ್ದು ಅನ್ನುವುದಕ್ಕೆ ನನ್ನದೇನೂ ತಕರಾರಿಲ್ಲ, ಆದರೆ ದಾನದ ಲೆಕ್ಕಕ್ಕೆ ಸೇರಿಸಬಾರದು. ನಾನು ಕಟ್ಟುವ ಸಂಬಳದ ತೆರಿಗೆಯನ್ನು ದಾನ ಅಂತ ಯಾರಾದರೂ ಕರೀತಾರಾ? ಹಾಗಂತ ದಾನವೇನೂ ಸಣ್ಣದಲ್ಲ. 10.2 ಬಿಲಿಯನ್ ಅಂದರೆ ನಮ್ಮ ಲೆಕ್ಕದಲ್ಲಿ 10 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ.

ಇನ್ನೊಂದು ಪದ ನನ್ನನ್ನು ಎರಡು ಸಂಜೆ ಕಾಡಿತು: ‘ಮಂಜೂರಾದ’. 7.3ರಿಂದ 10.2ಕ್ಕೆ ದಾನ ಏರಿದೆ, ಒಂದೇ ವರ್ಷದಲ್ಲಿ 40% ಹತ್ತಿರ. ವ್ಯಾಪಾರ ಹಾಗೆ ಏರಿತ್ತಾ? ಇಲ್ಲ. ಕುದುರೆ ಪಂದ್ಯದ ಟರ್ನೋವರ್ ಒಂದು ಸೀಸನ್‌ನಲ್ಲಿ 140 ಬಿಲಿಯನ್ ದಾಟಿದ್ದು, ಮುಂದಿನ ಸೀಸನ್‌ನಲ್ಲಿ 135ರ ಆಸುಪಾಸಿಗೆ ಇಳಿದಿತ್ತು. ಹಾಗಾದರೆ ದಾನ ಏರಿದ್ದು ಹೇಗೆ? ಮಂಜೂರು ಅಂದರೆ ಆ ವರ್ಷ ‘ಕೊಡುತ್ತೇವೆ’ ಅಂತ ಒಪ್ಪಿದ ಮೊತ್ತ. ದುಡ್ಡು ಕೈಗೆ ಸಿಗುವುದು ಕೆಲಸ ನಡೆದ ಹಾಗೆ, ಹಲವು ವರ್ಷಗಳಲ್ಲಿ. ಹಾಂಗ್‌ಕಾಂಗ್‌ನ ಪ್ಯಾಲೇಸ್ ಮ್ಯೂಸಿಯಂ ನೋಡಿ. ಕ್ಲಬ್ಬಿನ 3.5 ಬಿಲಿಯನ್ ದುಡ್ಡಿನಲ್ಲಿ ಅದನ್ನು ಕಟ್ಟುವ ಸುದ್ದಿ ಹೊರಬಿದ್ದದ್ದು 2016ರ ಕೊನೆಯಲ್ಲಿ, ಬಾಗಿಲು ತೆರೆದದ್ದು 2022ರ ಜುಲೈನಲ್ಲಿ. ದೊಡ್ಡ ಯೋಜನೆ ಒಪ್ಪಿದ ವರ್ಷ ಅಂಕಿ ಉಬ್ಬುತ್ತದೆ, ಮರುವರ್ಷ ಇಳಿಯಬಹುದು. ಅದಕ್ಕೇ ಒಂದು ವರ್ಷದ ಅಂಕಿ ಹಿಡಿದು ಹೊಗಳುವುದೂ ಬೇಡ, ತೆಗಳುವುದೂ ಬೇಡ ಅಂತ ಬರೆದೆ. ನಮ್ಮಂಥ ಸಣ್ಣ ಸಂಸ್ಥೆಗೆ ಇದರಲ್ಲಿ ಒಂದು ಕಿವಿಮಾತೂ ಇತ್ತು. ಮಂಜೂರಾತಿ ಪತ್ರ ಬಂತು ಅಂತ ಬಾಡಿಗೆ ಕರಾರಿಗೆ ಸಹಿ ಹಾಕಬಾರದು. ಕಂತು ಯಾವಾಗ ಬರುತ್ತೆ ನೋಡಿಕೊಳ್ಳಬೇಕು.

ಓದುತ್ತಾ ನನಗೆ ತುಂಬಾ ಹಿಡಿಸಿದ್ದು ದಾನದ ಪುಟಗಳಲ್ಲ, 2006ರ ತೆರಿಗೆ ಬದಲಾವಣೆ. ಅದಕ್ಕೆ ಮೊದಲು ಇಲ್ಲಿ ಜನ ಕಟ್ಟಿದ ಪೂರ್ತಿ ಮೊತ್ತದ ಮೇಲೇ ಸುಂಕ ಇತ್ತು. 1996-97ರಲ್ಲಿ 92 ಬಿಲಿಯನ್ ಇದ್ದ ರೇಸ್ ಟರ್ನೋವರ್ 2005-06ರ ಹೊತ್ತಿಗೆ 60 ಬಿಲಿಯನ್ ಹತ್ತಿರ ಕುಸಿಯಿತು. ಸುಂಕ ಕಟ್ಟದ ಕಳ್ಳ ಬುಕ್ಕಿಗಳು ಒಳ್ಳೇ ರೇಟು ಕೊಡುತ್ತಿದ್ದರು, ದೊಡ್ಡ ಗಿರಾಕಿಗಳು ಅತ್ತ ಹೋದರು. ಆಗ ಸರ್ಕಾರ ಸುಂಕವನ್ನು ಗೆದ್ದವರಿಗೆ ಹಂಚಿ ಉಳಿದ ಹಣದ ಮೇಲೆ ಮಾತ್ರ ಹಾಕುವಂತೆ ಬದಲಾಯಿಸಿತು. 2013-14ಕ್ಕೆ ಟರ್ನೋವರ್ 100 ಬಿಲಿಯನ್ ದಾಟಿತ್ತು.

ನಮ್ಮ ಕಡೆ ಆದದ್ದು ಇದರ ಉಲ್ಟಾ. ಬೆಂಗಳೂರು ಟರ್ಫ್ ಕ್ಲಬ್ಬಿನ ಕೇಸಿನಲ್ಲಿ ಕರ್ನಾಟಕ ಹೈಕೋರ್ಟ್ 2021ರಲ್ಲಿ, ಜಿಎಸ್‌ಟಿ ಹಾಕಬೇಕಾದದ್ದು ಟೋಟ್ ಕಮಿಷನ್ ಮೇಲೆ, ಕಟ್ಟಿದ ಪೂರ್ತಿ ದುಡ್ಡಿನ ಮೇಲಲ್ಲ ಅಂದಿತ್ತು. ಆಮೇಲೆ ಕಾನೂನೇ ಬದಲಾಯಿತು. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಮೊತ್ತಕ್ಕೆ 28%, 2025ರ ಸೆಪ್ಟೆಂಬರ್ 22ರಿಂದ 40%. ಗೆದ್ದರೂ ಸೋತರೂ 100 ರೂಪಾಯಿ ಪಂದ್ಯಕ್ಕೆ 40 ರೂಪಾಯಿ ತೆರಿಗೆ. ಜೂಜಿಗೆ ತೆರಿಗೆ ಜಾಸ್ತಿ ಇರಲಿ ಅನ್ನುವುದು ನನಗೂ ಒಪ್ಪಿಗೆಯೇ. ಆದರೆ ಟೋಟ್ ಕಿಟಕಿ ಖಾಲಿಯಾಗಿ ಬುಕ್ಕಿಯ ಫೋನ್ ಬಿಜಿಯಾದರೆ ಖಜಾನೆಗೂ ಸಿಗಲಿಲ್ಲ, ಚಟವೂ ಬಿಡಲಿಲ್ಲ. ಚಿಕ್ಕಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ, ‘ಇದು ಹೇಳೋಕೆ ಹಾಂಗ್‌ಕಾಂಗ್‌ಗೆ ಹೋಗಬೇಕಿತ್ತೇನೇ ಪುಟ್ಟಿ?’ ಅಂದರು.

ಹಾಂಗ್‌ಕಾಂಗ್ ಮಾದರಿಯಲ್ಲೂ ನನಗೆ ಹಿಡಿಸದ ಒಂದು ಸಾಲಿದೆ. 10,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕಟ್ಟಿ ಸೋತರೆ, ಕೆಲವು ಬಗೆಯ ಪಂದ್ಯಗಳಲ್ಲಿ 10% ವಾಪಸ್ ಕೊಡುತ್ತಾರೆ. ಕಳ್ಳ ಬುಕ್ಕಿಗಳಿಂದ ದೊಡ್ಡ ಗಿರಾಕಿಯನ್ನು ಕರೆತರುವ ಉಪಾಯ ಅದು. ವ್ಯಾಪಾರದ ದೃಷ್ಟಿಯಿಂದ ಸರಿಯೇ. ಆದರೆ 10 ಡಾಲರ್ ಕಟ್ಟುವ ಮುದುಕನಿಗೆ ಆ ರಿಯಾಯಿತಿ ಇಲ್ಲ. ದಾನದ 10 ಬಿಲಿಯನ್‌ನಲ್ಲಿ ಅವನ 10 ಡಾಲರ್‌ನ ಚೂರೂ ಇದೆ. ಜೂಜಿನ ಚಟ ಬಿಡಿಸುವ ಸಲಹಾ ಕೇಂದ್ರಗಳಿಗೆ 2003ರಲ್ಲಿ ಶುರುವಾದ ಪಿಂಗ್ ವೊ ಫಂಡಿಗೂ ಕ್ಲಬ್ಬೇ ದುಡ್ಡು ಕೊಡುತ್ತದೆ. ಮುಳ್ಳು ಚುಚ್ಚಿದವರೇ ಮುಲಾಮು ಕೊಟ್ಟ ಹಾಗೆ ಅಂತ ಟಿಪ್ಪಣಿಯಲ್ಲಿ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಲೆಕ್ಕದ ಟಿಪ್ಪಣಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಸಮಿತಿ ಸೇರಿತು. ಬಿಲಿಯನ್ ಮಾತು ಬಿಟ್ಟು ಬರೀ 100 ಡಾಲರ್ ಹಾಳೆಯನ್ನೇ ತೋರಿಸಿದೆ. ಬೇಡ ಅಂದವರು ಅದನ್ನು ತುಂಬ ಹೊತ್ತು ನೋಡಿದರು. ಅವರ ತಂದೆಗೆ ರೇಸ್ ಹುಚ್ಚಿತ್ತಂತೆ, ಅಮ್ಮ ಹೊಲಿಗೆ ಹಾಕಿ ಮನೆ ನಡೆಸಿದರಂತೆ. ಅವತ್ತೇ ಮೊದಲ ಸಲ ಹೇಳಿದ್ದು. ‘ಈ 17.50ರಲ್ಲಿ ನಮ್ಮಮ್ಮನ ದುಡ್ಡೂ ಇದೆ. ಅದು ಮಕ್ಕಳ ಕ್ಲಾಸಿಗೆ ವಾಪಸ್ ಬಂದರೆ ಬರಲಿ. ಕೈ ಮಾತ್ರ ಎತ್ತಲಾರೆ’ ಅಂದರು. ಉಳಿದವರು ಕೈ ಎತ್ತಿದರು. ಇಲ್ಲಿನ ಸೆಕ್ಷನ್ 88 ಅಡಿ ತೆರಿಗೆ ವಿನಾಯಿತಿ ನಮಗಿದ್ದದ್ದು ಅನುಕೂಲವಾಯಿತು. ಮೂರು ವರ್ಷದ ಆಡಿಟ್ ಆದ ಲೆಕ್ಕ ಜೋಡಿಸಲು ಮಾತ್ರ ನಾನು ಒಂದು ತಿಂಗಳು ಒದ್ದಾಡಿದೆ.

ಅರ್ಜಿ ಕಳಿಸಿದ ಮೇಲೆ ಚಿಕ್ಕಪ್ಪ ಹಾಂಗ್‌ಕಾಂಗ್‌ಗೆ ಬಂದರು. ಬುಧವಾರ ರಾತ್ರಿ ಹ್ಯಾಪಿ ವ್ಯಾಲಿಗೆ ಕರಕೊಂಡು ಹೋದೆ. ಸುತ್ತಲೂ ಆಕಾಶದೆತ್ತರದ ಕಟ್ಟಡ, ನಡುವೆ ದೀಪದ ಬೆಳಕಲ್ಲಿ ಹಸಿರು ಟ್ರ್ಯಾಕ್. ಅವರು ಕಟ್ಟೆ ಹಿಡಿದು ನಿಂತು ಒಂದು ಮಾತೂ ಆಡಲಿಲ್ಲ. ಆಮೇಲೆ 10 ಡಾಲರ್ ವಿನ್ ಟಿಕೆಟ್ ತಗೊಂಡರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ‘ಚಿಕ್ಕಪ್ಪ, ಇದರಲ್ಲಿ ಒಂದು ಡಾಲರ್ 30 ಸೆಂಟ್ ಆಗಲೇ ಸರ್ಕಾರಕ್ಕೆ ಹೋಯ್ತು. 45 ಸೆಂಟ್ ಕ್ಲಬ್ಬಿಗೆ. ಅದರಲ್ಲಿ ಮಿಕ್ಕಿದ್ದು ದಾನಕ್ಕೆ’ ಅಂದೆ.

‘ನನ್ನ ಕುದುರೆ ಯಾವುದು ಅಂತ ಕೇಳಲೇ ಇಲ್ಲವಲ್ಲೇ ನೀನು’ ಅಂದರು.

ಕುದುರೆ ಆರನೆಯದಾಗಿ ಬಂತು. ಟಿಕೆಟ್ಟನ್ನು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು. ವಾಪಸ್ ಬರುವಾಗ ಟ್ರಾಮ್‌ನಲ್ಲಿ ಮೆಲ್ಲಗೆ ಕೇಳಿದರು, ‘ಮನೇಲಿ ಎಲ್ಲಿಗೆ ಹೋಗಿದ್ವಿ ಅಂತ ಹೇಳ್ತೀಯ?’

‘ಬ್ಯಾಂಕಿಗೆ’ ಅಂದೆ.