ಲೋಕಲ್ ಗಾಡಿಯ ಟಿಕೆಟ್ ತಪಾಸಣೆ: ನಾನು ಕೆಲಸ ಮಾಡಿದ ಬಗೆ

ಮುಂಬಯಿಯಲ್ಲಿ ಬೆಳಗಿನ ಹೊತ್ತು ಲೋಕಲ್ ಗಾಡಿಯ ಎರಡನೇ ದರ್ಜೆಯ ಡಬ್ಬಿ ಹತ್ತಿ ಟಿಕೆಟ್ ನೋಡುತ್ತೇನೆಂದು ಹೊರಡುವ ಟಿಸಿ, ಕೈ ಎತ್ತಲೂ ಜಾಗ ಸಿಗದೆ, ಜನ ತಳ್ಳಿದ ಕಡೆ ಇಳಿಯಬೇಕಾಗುತ್ತದೆ. ಹೀಗಾಗಿ ನನ್ನ ಕೆಲಸದ ಬಹುಪಾಲು ನಿಲ್ದಾಣಗಳಲ್ಲೇ ನಡೆಯಿತು. ಎಲ್ಲಿ ನಿಲ್ಲಬೇಕು ಎಂಬುದೇ ಅಲ್ಲಿ ಮೊದಲ ಪ್ರಶ್ನೆ. ಮೆಟ್ಟಿಲ ಬುಡದಲ್ಲಿ ನಿಂತರೆ ಕಪ್ಪು ಕೋಟು ದೂರದಿಂದಲೇ ಕಂಡು, ಟಿಕೆಟ್ ಇಲ್ಲದವರು ಹಿಂದಕ್ಕೆ ತಿರುಗಿಬಿಡುತ್ತಾರೆ; ಮೆಟ್ಟಿಲ ಮೇಲೆ ಅಥವಾ ಸೇತುವೆಯ ನಡುವೆ ನಿಂತರೆ ಒಬ್ಬನನ್ನು ತಡೆಯುವಷ್ಟರಲ್ಲಿ ಹಿಂದಿನಿಂದ ನೂರು ಜನ ಒತ್ತುತ್ತಾರೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯಲ್ಲಿ ನೂಕುನುಗ್ಗಲಿಗೆ ಸಿಕ್ಕು 23 ಜನ ಸತ್ತದ್ದನ್ನು ಬಲ್ಲವರು ಯಾರೂ ಇಂಥ ಕಡೆ ಗುಂಪನ್ನು ನಿಲ್ಲಿಸುವ ಮನಸ್ಸು ಮಾಡಲಾರರು. ಮೆಟ್ಟಿಲು ಮುಗಿದು ದಾರಿ ಅಗಲವಾಗುವ ಜಾಗದಲ್ಲಿ ಗೋಡೆಗೆ ಸರಿದು ನಿಲ್ಲುವುದೇ ನನ್ನ ರೂಢಿಯಾಗಿತ್ತು.

ಎಲ್ಲರನ್ನೂ ಕೇಳಲಾಗುವುದಿಲ್ಲವಾದ್ದರಿಂದ ಯಾರನ್ನು ಕೇಳಬೇಕೆಂಬ ಆಯ್ಕೆ ಉಳಿಯುತ್ತದೆ. ನಾನು ಮುಖ ನೋಡುತ್ತಿರಲಿಲ್ಲ, ನಡಿಗೆ ನೋಡುತ್ತಿದ್ದೆ. ಕೋಟು ಕಂಡೊಡನೆ ಫೋನನ್ನು ಕಿವಿಗೆ ಹಚ್ಚುವವರು, ದಪ್ಪ ಆಸಾಮಿಯೊಬ್ಬರ ಮರೆಗೆ ಸರಿಯುವವರು ಬೇಗ ತಿಳಿಯುತ್ತಾರೆ. ಬಟ್ಟೆಬರೆ ನೋಡಿ ಅಂದಾಜು ಮಾಡುವುದರಲ್ಲಿ ಮಾತ್ರ ನನಗೆ ನಂಬಿಕೆಯಿಲ್ಲ. ಎರಡನೇ ದರ್ಜೆಯ ಟಿಕೆಟ್ ಹಿಡಿದು ಫಸ್ಟ್ ಕ್ಲಾಸಿನಿಂದ ಇಳಿದು ಬಂದು ಇಂಗ್ಲಿಷಿನಲ್ಲಿ ವಾದಕ್ಕೆ ನಿಲ್ಲುವ ಇಸ್ತ್ರಿ ಅಂಗಿಯವರಷ್ಟು ಸಮಯ ತಿನ್ನುವವರು ಬೇರೆ ಯಾರೂ ಇಲ್ಲ.

ಫೋನಿನಲ್ಲೇ ಟಿಕೆಟ್ ತೆಗೆಯುವ ರೈಲ್ವೆಯ ಯುಟಿಎಸ್ ಆ್ಯಪ್ ಬಂದ ಮೇಲೆ ಕೇಳುವ ಪ್ರಶ್ನೆಯೂ ಬದಲಾಯಿತು. ಟಿಕೆಟ್ಟಿನ ಸ್ಕ್ರೀನ್‌ಶಾಟ್ ನಡೆಯುತ್ತಿರಲಿಲ್ಲ, ಆ್ಯಪ್ ತೆರೆದೇ ತೋರಿಸಬೇಕಿತ್ತು. ಗಾಡಿ ಹತ್ತುವ ಮೊದಲು ಟಿಕೆಟ್ ತೆಗೆಯಲೆಂದು ನಿಲ್ದಾಣದಲ್ಲಿ ಅಂಟಿಸಿದ ಕ್ಯೂಆರ್ ಕೋಡಿನ ಫೋಟೊವನ್ನು ಫೋನಿನಲ್ಲಿ ಇಟ್ಟುಕೊಂಡು, ಟಿಸಿ ಕಂಡಾಗಷ್ಟೇ ಅದನ್ನು ಸ್ಕ್ಯಾನ್ ಮಾಡಿ ಟಿಕೆಟ್ ತೆಗೆಯುವ ಚಾಳಿಯೂ ಶುರುವಾಯಿತು. ಅಂಥವರ ಟಿಕೆಟ್ ನಿಜವಾದದ್ದೇ, ಆದರೆ ಅದರ ಮೇಲೆ ತೆಗೆದ ಹೊತ್ತು ನಮೂದಾಗಿರುತ್ತದೆ. ಠಾಣೆಯಿಂದ ಹೊರಟವರ ಟಿಕೆಟ್ ಗಾಡಿ ದಾದರಿಗೆ ಬಂದು ನಿಂತ ಹೊತ್ತಿಗೆ ಹುಟ್ಟಿದ್ದರೆ ಹೆಚ್ಚು ಮಾತು ಬೇಕಾಗುವುದಿಲ್ಲ. ಆದ್ದರಿಂದ ನಾನು ಮೊದಲು ಕೇಳುತ್ತಿದ್ದದ್ದು “ಯಾವ ಗಾಡಿಗೆ ಬಂದಿರಿ?” ಎಂದು, ಟಿಕೆಟ್ ತೋರಿಸಿ ಎಂಬ ಮಾತು ಆಮೇಲೆ.

1989ರ ರೈಲ್ವೆ ಕಾಯ್ದೆಯ 137 ಮತ್ತು 138ನೇ ಕಲಮುಗಳ ನಡುವಿನ ಅಂತರ ತಿಳಿಯದೆ ಈ ಕೆಲಸ ಮಾಡಬಾರದು. ಮೋಸದ ಉದ್ದೇಶವಿದ್ದರೆ 137. ಅದು ನ್ಯಾಯಾಲಯದ ದಾರಿ, ಆರು ತಿಂಗಳವರೆಗಿನ ಸೆರೆಗೂ ಅಲ್ಲಿ ಅವಕಾಶವಿದೆ. ಸರಿಯಾದ ಟಿಕೆಟ್ ಇಲ್ಲದವರಿಗೆಲ್ಲ ಅನ್ವಯಿಸುವುದು 138. ಪ್ರಯಾಣದ ದರ ಹಾಗೂ ಅಷ್ಟೇ ಮೊತ್ತದ ಹೆಚ್ಚುವರಿ ಶುಲ್ಕ, ಆದರೆ ಆ ಶುಲ್ಕ 250 ರೂಪಾಯಿಗೆ ಕಡಿಮೆಯಿರಬಾರದು. ಎರಡನೇ ದರ್ಜೆಯ 10 ರೂಪಾಯಿಯ ದಾರಿಗೆ 260 ರೂಪಾಯಿ ಬರುವುದು ಈ ಲೆಕ್ಕದಿಂದ. ಎಲ್ಲಿ ಹತ್ತಿದರೆಂಬ ಬಗ್ಗೆ ಸಂಶಯವಿದ್ದರೆ ಗಾಡಿ ಹೊರಟ ಮೂಲ ನಿಲ್ದಾಣದಿಂದಲೇ ದರ ಹಿಡಿಯಬಹುದೆಂದು ತಿಳಿಸಿದ ಮೇಲೆ, ಮರೆತಿದ್ದ ನಿಲ್ದಾಣದ ಹೆಸರು ಅನೇಕರಿಗೆ ನೆನಪಾಗುತ್ತಿತ್ತು.

ಕನ್ನಡಿಗರ ಹೋಟೆಲುಗಳಿರುವ ಮಾಟುಂಗಾದಲ್ಲಿ ಕನ್ನಡ ಬರುವ ಟಿಸಿಗೆ ಬೇರೆ ಬಗೆಯ ಪರೀಕ್ಷೆ ಇರುತ್ತದೆ. ಒಮ್ಮೆ ಹೋಟೆಲಿನ ಹುಡುಗನೊಬ್ಬ ಪಾಸ್ ತೋರಿಸಿದ. ಗುರುತಿನ ಚೀಟಿಯ ಫೋಟೊದಲ್ಲಿದ್ದವನು ಬೇರೆಯವನು, ಅದೇ ಕೋಣೆಯಲ್ಲಿ ಮಲಗುವ ಗೆಳೆಯ. ನನ್ನ ಎದೆಯ ಮೇಲಿನ ಹೆಸರುಪಟ್ಟಿ ಓದಿ, “ಸಾರ್, ನೀವು ನಮ್ಮ ಊರ ಕಡೆಯವರೇ ಅಲ್ವಾ, ಒಂದು ಸಲ ಬಿಟ್ಟುಬಿಡಿ” ಎಂದ. ಮತ್ತೊಬ್ಬರ ಪಾಸಿನಲ್ಲಿ ಪ್ರಯಾಣ ಮಾಡಿದರೆ 142ನೇ ಕಲಮಿನಂತೆ ಪಾಸ್ ಮುಟ್ಟುಗೋಲಾಗುತ್ತದೆ, ಹಿಡಿದವನನ್ನು ಟಿಕೆಟ್ ಇಲ್ಲದವನೆಂದೇ ಎಣಿಸಬೇಕಾಗುತ್ತದೆ. ಅದನ್ನು ಅವನಿಗೆ ಕನ್ನಡದಲ್ಲೇ ಬಿಡಿಸಿ ಹೇಳಿದೆ. ಹಣ ಕಟ್ಟದಿದ್ದರೆ ವಿಷಯ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ, ಅಲ್ಲಿ ತಪ್ಪಿದರೆ ಹತ್ತು ದಿನಕ್ಕೆ ಕಡಿಮೆಯಿಲ್ಲದ ಸೆರೆಯಿದೆ ಎಂದೂ ತಿಳಿಸಿದೆ. ಅವನು ಧಣಿಗೆ ಫೋನ್ ಮಾಡಿದ, ಹಣ ಬಂತು, ರಸೀದಿ ಕೊಟ್ಟೆ. ಭಾಷೆ ಒಂದೇ ಆದದ್ದರಿಂದ ಅವನಿಗೆ ಸಿಕ್ಕಿದ್ದು ವಿವರಣೆ, ರಿಯಾಯಿತಿಯಲ್ಲ. ಹಾಗೆಂದು ಅವನ ಮೇಲೆ 137 ಹಾಕಲು ನನಗೆ ಮನಸ್ಸಾಗಲಿಲ್ಲ, ಹಾಕಬೇಕಾದ ಅಗತ್ಯವೂ ಕಾಣಲಿಲ್ಲ.

ಹೆಂಗಸರ ಹಾಗೂ ಮಕ್ಕಳ ವಿಷಯದಲ್ಲಿ ಕಾಯ್ದೆ ಕಟ್ಟುನಿಟ್ಟಾಗಿದೆ. ಜೊತೆಯಲ್ಲಿ ಗಂಡಸರಿಲ್ಲದಿದ್ದರೆ ಅವರನ್ನು ಪ್ರಯಾಣ ಆರಂಭವಾದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ಹೊರತು ಬೇರೆಲ್ಲೂ ಗಾಡಿಯಿಂದ ಇಳಿಸುವಂತಿಲ್ಲ, ಅದೂ ಹಗಲಲ್ಲಿ ಮಾತ್ರ. ಹೊಸದಾಗಿ ಸೇರಿದವರಿಗೆ ನಾನು ದಂಡದ ಲೆಕ್ಕಕ್ಕಿಂತ ಮೊದಲು 139ನೇ ಕಲಮಿನ ಈ ಷರತ್ತನ್ನು ಓದಿಸುತ್ತಿದ್ದೆ. ರಾತ್ರಿಯ ಗಾಡಿಯಲ್ಲಿ ಒಂಟಿ ಹುಡುಗಿಯೊಬ್ಬಳ ಬಳಿ ಟಿಕೆಟ್ ಇಲ್ಲದಿದ್ದರೆ ರಸೀದಿ ಬರೆಯಬಹುದು, ಹಣವಿಲ್ಲದಿದ್ದರೆ ಹೆಸರು ವಿಳಾಸ ಪಡೆಯಬಹುದು. ನಡುದಾರಿಯ ನಿಲ್ದಾಣದಲ್ಲಿ ಇಳಿ ಎನ್ನುವ ಅಧಿಕಾರ ಟಿಸಿಗೆ ಇಲ್ಲ.